ಹೆಸರು ಬರೆದುಕೊಳ್ಳುವ ಮುನ್ನ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಸೀಮೆಯ ಕೇರಿಗಳಿಗೆ ಪುಸ್ತಕ ಹಿಡಿದವರು ಬರೋದು ಇವತ್ತಿನದಲ್ಲ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1890ರ ದಶಕದ ಆರಂಭದಲ್ಲಿ, ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಬಸವಿಯರ ಮೇಲೆ ಪ್ರಬಂಧ ಬರೆದ. 1909ರಲ್ಲಿ ಥರ್ಸ್ಟನ್ ತನ್ನ ಏಳು ಸಂಪುಟಗಳ ಜಾತಿಕೋಶದಲ್ಲಿ ಅದನ್ನು ಬಳಸಿಕೊಂಡ. ಬಸವಿಗೆ ಗಂಡುಮಗನ ಹಕ್ಕು ಬರುತ್ತದೆ ಅನ್ನೋದು ಫಾಸೆಟ್‌ನ ಶೋಧ. ಗೇಣು ನೆಲವಿಲ್ಲದ ಮಾದಿಗರ ಮನೆಯಲ್ಲಿ ಯಾವ ಆಸ್ತಿಗೆ ಹಕ್ಕು? ಆ ಪ್ರಶ್ನೆ ಕೇರಿಯದು. ಪೊಲೀಸ್ ಪ್ರಬಂಧದ್ದಲ್ಲ.

ಬಸವಿ ಬಿಡೋದನ್ನು ಮದ್ರಾಸ್ ಸರ್ಕಾರ 1947ರಲ್ಲಿ ನಿಷೇಧಿಸಿತು. ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಆದರೂ 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ಸಿಕ್ಕ ದೇವದಾಸಿಯರು 22,873. 2007-08ರಲ್ಲಿ ಮತ್ತೆ 23,787. ಒಟ್ಟು 46,660. ಪಟ್ಟಿಯಲ್ಲಿ ಹೆಸರಿದ್ದರೆ ಮಾಸಾಶನ, ಮನೆ, ಸಾಲ. ಹೆಸರಿಲ್ಲದವಳಿಗೆ ಏನೂ ಇಲ್ಲ. ಅದಕ್ಕೇ ಈ ಹೆಣ್ಣುಮಕ್ಕಳು ಸಂಘ ಕಟ್ಟಿದರು, ಧರಣಿ ಕೂತರು, ಮರುಸಮೀಕ್ಷೆ ಮಾಡಿ ಅಂದರು.

ಈ ಹೋರಾಟದ ಚರಿತ್ರೆ ಬರೆಯಬೇಕು ಅನ್ನುವವರು ನಾವು. ಧರಣಿಯ ಪಕ್ಕ ಕೂತು ಕೇಳುತ್ತೇವೆ: "ನಿಮ್ಮನ್ನ ಬಿಟ್ಟದ್ದು ಯಾವ ವರ್ಷ ಅವ್ವಾ?" ನಮಗದು ಇಸವಿ. ಅವಳಿಗದು ಅವಳ ಹೆತ್ತವ್ವನ ಮೇಲಿನ ಸಾಕ್ಷಿ.  1982ರ ಕಾಯ್ದೆ ಬಿಟ್ಟ ತಂದೆತಾಯಿಗೆ 5 ವರ್ಷದವರೆಗೆ ಜೈಲು ಎಂದಿತು. 2025ರ ಹೊಸ ಕಾಯ್ದೆಗೂ ಬಿಡೋದು ಅಪರಾಧವೇ. ಆಗಬೇಕಾದ್ದೇ. ಆದರೆ ಬರಗಾಲದಲ್ಲಿ ಮಗಳನ್ನು ಬಿಟ್ಟ ಮುದುಕಿ ಸುಲಭಕ್ಕೆ ಸಿಗುತ್ತಾಳೆ, ಆ ಮಗಳ ಮೇಲೆ ಕಣ್ಣಿಟ್ಟ ಊರ ಧಣಿಯ ಹೆಸರು ಯಾವ ಕಾಗದದಲ್ಲೂ ಇರೋದಿಲ್ಲ.

ಸರ್ಕಾರದ ಪಟ್ಟಿಯಲ್ಲಿ ಹೆಸರು ಬೇಕು ಅಂತ ಕೂಗಿದವಳು ನಮ್ಮ ಪುಸ್ತಕದಲ್ಲಿ ಬೇಡ ಅನ್ನಬಹುದು. ಮಗ ಕಾಲೇಜಿನಲ್ಲಿದ್ದಾನೆ, ಮಗಳಿಗೆ ಗಂಡು ನೋಡಬೇಕು. ಬೀದಿಗೆ ಬಂದವಳೆಂದರೆ ಎಲ್ಲವನ್ನೂ ಬಿಚ್ಚಿಟ್ಟವಳು ಅಂತಲ್ಲ. ಘೋಷಣೆ ಊರಿನ ಸೊತ್ತು, ಬದುಕು ಅವಳ ಸೊತ್ತು.

ಆದ್ದರಿಂದ ಗೆಳೆಯರೇ, ಹೋರಾಟದ ಬೇಡಿಕೆ ಬರೆಯೋಣ, ಅಧಿಕಾರಿಗಳ ಉತ್ತರ ಬರೆಯೋಣ, ಧಣಿಗಳನ್ನು ಬರೆಯೋಣ. ಅವಳ ಹೆಸರು, ಊರು, ಇಸವಿ ಅವಳು ಒಪ್ಪಿದರೆ ಮಾತ್ರ. ಬರೆದದ್ದನ್ನು ಅವಳ ಮುಂದೆ ಓದಿ ಹೇಳೋಣ. ಹೊಡೆದುಹಾಕು ಅಂದರೆ ಹೊಡೆದುಹಾಕೋಣ. ಚರಿತ್ರೆಯಲ್ಲಿ ಒಂದು ಸಾಲು ಖಾಲಿ ಉಳಿಯಲಿ, ಅವಳ ಮನೆ ಉಳಿಯಲಿ.