ಹೃದಯದ ವಿಕಾಸ

ಪ್ರಾಣಿವರ್ಗಗಳಲ್ಲಿ ರಕ್ತಪರಿಚಲನೆ ರೂಪುಗೊಂಡ ಬಗೆ. ಕೃಷ್ಣಾ–ತುಂಗಭದ್ರಾ ನಡುವಿನ ನಡಿಗಡ್ಡೆ ಸೀಮೆಯ ಮಾನೋಪಾಡಿನಂಥ ಊರಿನ ಸುತ್ತಲೇ ಇದರ ಮುಖ್ಯ ಮಾದರಿಗಳು ಸಿಗುತ್ತವೆ.

ಹೈಡ್ರಾಕ್ಕೆ ಹೃದಯವಿಲ್ಲ, ಎರಡು ಪದರದ ಮೈಗೆ ಸುತ್ತಲಿನ ನೀರೇ ಸಾಕು. ಮಿಡತೆಯದು ತೆರೆದ ಪರಿಚಲನೆ: ಬೆನ್ನಿನುದ್ದದ ಕೊಳವೆಯಂಥ ಹೃದಯ ದ್ರವವನ್ನು ಒಡಲೊಳಗೆ ಹರಿಬಿಡುತ್ತದೆ. ಆಮ್ಲಜನಕವನ್ನು ಗಾಳಿನಾಳಗಳೇ ಅಂಗಗಳಿಗೆ ಒಯ್ಯುವುದರಿಂದ ಆ ದ್ರವ ಕೆಂಪಾಗಿರಬೇಕಿಲ್ಲ. ಎರೆಹುಳುವಿನಲ್ಲಿ ಕೆಂಪು ರಕ್ತ ನಾಳಗಳೊಳಗೇ ಸುತ್ತುತ್ತದೆ. ಹಣ್ಣುನೊಣದ ಹೃದಯಕ್ಕೆ ಅಗತ್ಯವಾದ ಟಿನ್‌ಮನ್ ವಂಶವಾಹಿಯ ಸಂಬಂಧಿಯೊಂದು ಮನುಷ್ಯನ ಹೃದಯವನ್ನು ರೂಪಿಸುವುದರಲ್ಲೂ ಪಾಲ್ಗೊಳ್ಳುತ್ತದೆ. ಈ ಎರಡು ಹೃದಯಗಳ ನಂಟು ಅಷ್ಟು ಹಳೆಯದು.

ಮೀನಿಗೆ ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ. ಕಪ್ಪೆಗೆ ಎರಡು ಹೃತ್ಕರ್ಣ, ಒಂದೇ ಹೃತ್ಕುಕ್ಷಿ. ಇದನ್ನು ಅರೆಬರೆ ಹೃದಯವೆನ್ನುವುದು ಸರಿಯಲ್ಲ: ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಅದರ ಬದುಕಿಗೆ ಈ ರಚನೆ ಒಪ್ಪುತ್ತದೆ. ಓತಿಕ್ಯಾತದ ಹೃತ್ಕುಕ್ಷಿಯನ್ನು ಇಬ್ಭಾಗಿಸುವ ಗೋಡೆ ಪೂರ್ತಿಯಿಲ್ಲ. ಪೂರ್ತಿ ಗೋಡೆ ಏಳಲು ಟಿಬಿಎಕ್ಸ್5 ವಂಶವಾಹಿ ಎಡಭಾಗದಲ್ಲಿ ಹೆಚ್ಚು, ಬಲಭಾಗದಲ್ಲಿ ಕಡಿಮೆ ಕೆಲಸಮಾಡುವುದು ಮುಖ್ಯವೆಂದು ಆಮೆ ಮತ್ತು ಹಲ್ಲಿಜಾತಿಯ ಮೇಲಿನ 2009ರ ಸಂಶೋಧನೆ ತೋರಿಸಿತು.

ಎಲ್ಲಕ್ಕಿಂತ ಸೋಜಿಗದ್ದು ಕೃಷ್ಣೆಯ ಮೊಸಳೆಯ ಹೃದಯ. ನಾಲ್ಕು ಕೋಣೆಗಳಿದ್ದರೂ ಎಡ ಮಹಾಪಧಮನಿ ಬಲ ಹೃತ್ಕುಕ್ಷಿಯಿಂದ ಹೊರಡುತ್ತದೆ. ಎರಡು ಮಹಾಪಧಮನಿಗಳ ನಡುವೆ ಪನಿಜ್ಜಾ ರಂಧ್ರವೆಂಬ ಕಿಂಡಿಯಿದೆ. ಮುಳುಗಿದಾಗ ರಕ್ತದ ಒಂದು ಪಾಲು ಶ್ವಾಸಕೋಶವನ್ನು ಬಿಟ್ಟು ದೇಹಕ್ಕೆ ಹರಿಯಬಲ್ಲದು. ಇದು ಜೀರ್ಣಕ್ರಿಯೆಗೂ ನೆರವಾಗುತ್ತದೆಂಬ ವಾದವಿದೆ.

ಹಕ್ಕಿ ಮತ್ತು ಸಸ್ತನಿಗಳು ನಾಲ್ಕು ಕೋಣೆಗಳನ್ನು ಬೇರೆಬೇರೆಯಾಗಿ ಪಡೆದವು. ಹಕ್ಕಿಯ ಮಹಾಪಧಮನಿ ಬಲಕ್ಕೆ ಬಾಗುತ್ತದೆ, ಸಸ್ತನಿಯದು ಎಡಕ್ಕೆ.