ಜಾಮೀನು ನಿಂತವನ ಪಾಡು: ಅಂದು ಮತ್ತು ಇಂದು

"ಸಾಲ ತಗೊಂಡವನೇ ಪಾಪರ್ ಚೀಟಿ ತಗೊಂಡ ಮೇಲೆ ಜಾಮೀನು ಹಾಕಿದವನನ್ನು ಯಾಕೆ ಕೇಳ್ತೀರಿ?" ನಮ್ಮ ಸಂಘದ ಜಗಲಿಯ ಮೇಲೆ ಈ ಇಪ್ಪತ್ತೈದು ವರ್ಷಗಳಲ್ಲಿ ಈ ಮಾತು ಎಷ್ಟು ಸಲ ಬಂದು ಹೋಗಿದೆಯೋ ಲೆಕ್ಕವಿಲ್ಲ. ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಆಡಳಿತ ಮಂಡಳಿಯವರು ಕೇಳಿದಾಗ, ಆ ಜಾಮೀನಿನ ಕಥೆಯನ್ನೇ ಬರೆಯೋಣವೆಂದು ಹೊರಟೆವು.

ಕಥೆ ಬಹಳ ಹಳೆಯದು. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದನು. ಅದರಲ್ಲಿ ಜಾಮೀನು ಮೂರು ಬಗೆ: ಸಾಲಗಾರನನ್ನು ಕರೆತಂದು ನಿಲ್ಲಿಸುತ್ತೇನೆಂಬುದು ಒಂದು, ಅವನು ನಂಬಿಗಸ್ತನೆಂಬುದು ಇನ್ನೊಂದು, ಅವನು ಕೊಡದಿದ್ದರೆ ನಾನು ಕೊಡುತ್ತೇನೆಂಬುದು ಮೂರನೆಯದು. ಮೊದಲೆರಡರ ಹೊಣೆ ಮಕ್ಕಳಿಗೆ ಹೋಗದು, ಮೂರನೆಯದು ಹೋಗುತ್ತದೆ. ಆದರೆ ಜಾಮೀನುದಾರ ಎಲ್ಲರೆದುರು ಹಣ ಕಟ್ಟಬೇಕಾಗಿ ಬಂದರೆ, ಸಾಲಗಾರ ಅವನಿಗೆ ಎರಡರಷ್ಟು ಹಿಂದಿರುಗಿಸಬೇಕಿತ್ತು. ಇಂದಿನ ಜಾಮೀನುದಾರನಿಗೆ ಅಸಲು ಕೈಸೇರಿದರೆ ಅದೇ ಪುಣ್ಯ!

ಬ್ರಿಟಿಷರ ಕಾಲದ 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಬೇರೆ ಕರಾರಿಲ್ಲದಿದ್ದರೆ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. 1904ರ ಸಹಕಾರ ಕಾಯಿದೆ ಇನ್ನೂ ಮುಂದೆ ಹೋಗಿ ಹಳ್ಳಿ ಸಂಘಗಳ ಸದಸ್ಯರ ಮೇಲೆ ಅಪರಿಮಿತ ಹೊಣೆ ಹೊರಿಸಿತು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘ ಆ ಕಾಲದ್ದು. ಒಂದರ್ಥದಲ್ಲಿ ಊರಿಗೆ ಊರೇ ಜಾಮೀನು. ನೆರೆಯವನ ಎತ್ತು, ಬೆಳೆ, ನಡತೆ ಎಲ್ಲದರ ಮೇಲೂ ಜನ ಕಣ್ಣಿಟ್ಟಿದ್ದರೆ ಆಶ್ಚರ್ಯವೇನು?

ಇನ್ನು ದಿವಾಳಿಯ ವಿಷಯ. 1920ರ ಪ್ರಾಂತೀಯ ದಿವಾಳಿ ಕಾಯಿದೆಯಂತೆ ಕೋರ್ಟು ಒಬ್ಬನನ್ನು ದಿವಾಳಿಯೆಂದು ಸಾರಿದರೆ ಅವನ ಆಸ್ತಿ ರಿಸೀವರ್ ಕೈಗೆ ಹೋಗುತ್ತದೆ. ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಕಡೆಗೆ ಕೋರ್ಟು ಅವನಿಗೆ ಬಿಡುಗಡೆ ಕೊಡಬಹುದು. ಆದರೆ ಅದೇ ಕಾಯಿದೆಯ 44ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ: ಈ ಬಿಡುಗಡೆ ಅವನ ಜೊತೆ ಸಹಿ ಹಾಕಿದವರಿಗೂ ಇಲ್ಲ, ಜಾಮೀನುದಾರನಿಗೂ ಇಲ್ಲ. ಜಗಲಿಯ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಸಾಲಗಾರ ಕೈತೊಳೆದುಕೊಂಡ ಮೇಲೆ ಸಂಘಕ್ಕೆ ಉಳಿಯುವವನು ಜಾಮೀನುದಾರನೇ.

ಮೊದಲು ಸಾಲಗಾರನಿಂದ ವಸೂಲಿ ಮಾಡಿ, ಆಗದಿದ್ದರೆ ನಮ್ಮ ಹತ್ತಿರ ಬನ್ನಿ ಎನ್ನುವಂತೆಯೂ ಇಲ್ಲ. ಬ್ಯಾಂಕ್ ಆಫ್ ಬಿಹಾರ್ ಮೊಕದ್ದಮೆಯಲ್ಲಿ ಕೆಳಗಿನ ಕೋರ್ಟುಗಳು ಹಾಗೆ ಷರತ್ತು ಹಾಕಿದ್ದವು. 1968ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಕಾದು ಕೂರಬೇಕೆಂದಾದರೆ ಜಾಮೀನು ಪಡೆದ ಉದ್ದೇಶವೇ ಕೆಡುತ್ತದೆ ಎಂಬುದು ಅದರ ವಾದ. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂದ ಮೇಲೂ ದಾರಿ ಬದಲಾಗಲಿಲ್ಲ. ಕಂಪನಿಯ ಸಾಲ ಇತ್ಯರ್ಥವಾದ ಮಾತ್ರಕ್ಕೆ ಅದಕ್ಕೆ ಸ್ವಂತ ಜಾಮೀನು ನಿಂತವರು ಪಾರಾಗರೆಂದು 2021ರಲ್ಲಿ ಅದೇ ಕೋರ್ಟು ಹೇಳಿತು. ನ್ಯಾಯ ಕಠಿಣವೆನಿಸಬಹುದು, ಆದರೆ ಸಂಘದಲ್ಲಿರುವುದು ನಮ್ಮದೇ ಷೇರು, ನಮ್ಮದೇ ಠೇವಣಿ ಅಲ್ಲವೇ?

ಹಾಗೆಂದು ಕಾನೂನು ಜಾಮೀನುದಾರನನ್ನು ಪೂರಾ ಕೈಬಿಟ್ಟಿಲ್ಲ. ಸಾಲ ತೀರಿಸಿದವನು ಸಾಲ ಕೊಟ್ಟವರ ಜಾಗದಲ್ಲಿ ನಿಲ್ಲುತ್ತಾನೆ. ಅಡವಿಟ್ಟ ಒಡವೆಯೋ ಜಮೀನೋ ಇದ್ದರೆ ಅದರ ಹಕ್ಕು ಅವನಿಗೆ ಬರುತ್ತದೆ. ಇಬ್ಬರು ಜಾಮೀನಿದ್ದು ಒಬ್ಬನೇ ಕಟ್ಟಿದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ ಇನ್ನೊಬ್ಬನಿಂದ ಅರ್ಧ ಕೇಳಬಹುದು. ಸಂಘ ತನ್ನಿಂದ ವಸೂಲಿ ಮಾಡಿದ್ದನ್ನು ಸಾಲಗಾರನಿಂದ ಪಡೆಯಲು, 1959ರ ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ 70ನೇ ಕಲಮಿನಂತೆ ಸಹಕಾರ ಇಲಾಖೆಯ ಮುಂದೆಯೇ ದಾವೆ ಹೂಡಬಹುದು. ಸಾಲಗಾರ ದಿವಾಳಿ ಅರ್ಜಿ ಹಾಕಿದ್ದರೆ ಮಾತ್ರ ತಡಮಾಡಬಾರದು. ರಿಸೀವರ್ ಹಂಚಿಕೆ ಮುಗಿಸುವ ಮೊದಲೇ ತನ್ನ ಹಕ್ಕಿನ ಕಾಗದ ಅಲ್ಲಿ ಸಲ್ಲಿಸಬೇಕು. ಬಿಡುಗಡೆ ಸಿಕ್ಕ ಮೇಲೆ ಅವನನ್ನು ಹಿಡಿಯುವುದು ಕಷ್ಟ. ಹಣ ಕಟ್ಟಿದ ರಸೀದಿ, ಸಂಘದ ನೋಟೀಸು, ಜಾಮೀನು ಪತ್ರದ ನಕಲು ಈ ಮೂರನ್ನೂ ಜೋಪಾನವಾಗಿಡಿ. ನಕಲು ಇಲ್ಲದವರು ಕಾರ್ಯದರ್ಶಿಗಳಿಗೆ ಅರ್ಜಿ ಕೊಟ್ಟು ಕೇಳಬಹುದು.