ನಿಷ್ಠುರವಾದಿ ಲೋಕಪ್ರಿಯನಾದ ಬಗೆ: ನೀಲ್ ಬೂರ್ಟ್ಜ್ ಮತ್ತು ಅಮೆರಿಕದ ಟಾಕ್ ರೇಡಿಯೊ

ನಿಷ್ಠುರವಾದಿ ಲೋಕವಿರೋಧಿ ಎಂಬುದು ನಮ್ಮಲ್ಲಿ ರೂಢಿಯ ಮಾತು. ಅಮೆರಿಕದ ಟಾಕ್ ರೇಡಿಯೊದಲ್ಲಿ ಇದು ತಿರುವುಮುರುವಾಯಿತು. ಅಲ್ಲಿ ನಿಷ್ಠುರವಾದಿಯೇ ಲೋಕಪ್ರಿಯ. ಅಟ್ಲಾಂಟಾದ ಡಬ್ಲ್ಯುಎಸ್‌ಬಿ ಕೇಂದ್ರದಿಂದ ದೇಶದ ಹಲವೆಡೆ ಕೇಳಿಸುತ್ತಿದ್ದ ನೀಲ್ ಬೂರ್ಟ್ಜ್ ಇದಕ್ಕೆ ಒಳ್ಳೆಯ ನಿದರ್ಶನ. ವಕೀಲಿಕೆಯನ್ನೂ ಮಾಡಿದ್ದ ಇವರು ನಾಲ್ಕು ದಶಕ ರೇಡಿಯೊದಲ್ಲಿ ಮಾತಾಡಿ 2013ರ ಜನವರಿಯಲ್ಲಿ ನಿವೃತ್ತರಾದರು. ಅವರ ನೇರನುಡಿಯನ್ನು ಸ್ವಭಾವದ ಗುಣವೆಂದಷ್ಟೇ ನೋಡಿದರೆ ಸಾಲದು. ಕಾನೂನು, ಮಾರುಕಟ್ಟೆ ಮತ್ತು ಮಾತಿನ ಕಸುಬು ಸೇರಿ ಅದನ್ನು ರೂಪಿಸಿದವು ಎಂಬುದು ಪ್ರಸ್ತುತ ಲೇಖನದ ವಾದ.

ಬೂರ್ಟ್ಜ್ ತಮ್ಮನ್ನು ಲಿಬರ್ಟೇರಿಯನ್ ಎಂದು ಕರೆದುಕೊಂಡವರು. ಈ ಪದವನ್ನು ‘ಸ್ವೇಚ್ಛಾವಾದಿ’ ಎಂದರೆ ಕನ್ನಡದ ಕಿವಿಗೆ ಅಂಕೆಯಿಲ್ಲದವನು ಎಂದು ಕೇಳಿಸುತ್ತದೆ. ಪ್ರಜೆಯ ಜೀವ, ಆಸ್ತಿ, ಒಪ್ಪಂದಗಳನ್ನು ಕಾಯುವುದಷ್ಟೇ ಪ್ರಭುತ್ವದ ಕೆಲಸ, ಉಳಿದದ್ದು ಅವನ ಪಾಡು ಎಂಬುದು ಈ ಪಂಥದ ತಿರುಳು. ಬೂರ್ಟ್ಜ್ ಆದಾಯ ತೆರಿಗೆ ತೊಲಗಬೇಕೆಂದರು. ಮಾದಕವಸ್ತುಗಳ ಮೇಲಿನ ಸಮರ ನಿಲ್ಲಬೇಕೆಂದರು. ಅಮೆರಿಕನ್ನರು ‘ಪಬ್ಲಿಕ್ ಸ್ಕೂಲ್’ ಎನ್ನುವುದನ್ನು ಅವರು ಹಟ ಹಿಡಿದು ‘ಸರ್ಕಾರಿ ಶಾಲೆ’ ಎಂದೇ ಕರೆದರು. ನಮಗೆ ಇದು ಬರೀ ಹೆಸರು. ಅಲ್ಲಿ ಆ ಪದವೇ ಒಂದು ಏಟು. ಇಷ್ಟಾದರೂ ಇರಾಕ್ ಯುದ್ಧವನ್ನು ಅವರು ಬೆಂಬಲಿಸಿದ್ದರು. 2004ರಲ್ಲಿ ಲಿಬರ್ಟೇರಿಯನ್ ಪಕ್ಷದ ಅಧಿವೇಶನ ಅಟ್ಲಾಂಟಾದಲ್ಲೇ ಸೇರಿದಾಗ, ಅವರನ್ನು ಭಾಷಣಕ್ಕೆ ಕರೆದದ್ದಕ್ಕೆ ಪಕ್ಷದೊಳಗೇ ಆಕ್ಷೇಪ ಎದ್ದಿತು.

ಇಂಥ ಮಾತಿಗೆ ಬಯಲು ಸಿಕ್ಕಿದ್ದು ಹೇಗೆ? ವಿವಾದದ ವಿಷಯಗಳಲ್ಲಿ ಎದುರು ಪಕ್ಷಕ್ಕೂ ಅವಕಾಶ ಕೊಡಬೇಕೆಂಬ ‘ಫೇರ್‌ನೆಸ್ ಡಾಕ್ಟ್ರಿನ್’ ಅಮೆರಿಕದಲ್ಲಿ 1949ರಿಂದ ಜಾರಿಯಲ್ಲಿತ್ತು. 1969ರ ರೆಡ್ ಲಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತರಂಗಗಳ ವಿಷಯದಲ್ಲಿ ಪ್ರಸಾರಕನ ಹಕ್ಕಿಗಿಂತ ಕೇಳುಗನ ಹಕ್ಕು ದೊಡ್ಡದೆಂದು ಈ ನಿಯಮವನ್ನು ಎತ್ತಿಹಿಡಿಯಿತು. 1987ರಲ್ಲಿ ಪ್ರಸಾರ ನಿಯಂತ್ರಣ ಆಯೋಗವೇ ಇದನ್ನು ಕೈಬಿಟ್ಟಿತು. ಮರುವರ್ಷ ಸಂಪ್ರದಾಯವಾದಿ ರೇಡಿಯೊ ನಿರೂಪಕ ರಶ್ ಲಿಂಬಾ ಅವರ ಕಾರ್ಯಕ್ರಮ ರಾಷ್ಟ್ರವ್ಯಾಪಿಯಾಯಿತು. ಆದರೆ ಕಾನೂನೊಂದೇ ಕಾರಣವಲ್ಲ. ಬೂರ್ಟ್ಜ್ ಹಳೆಯ ನಿಯಮದ ಕಾಲದಲ್ಲೂ ಮಾತಾಡುತ್ತಿದ್ದವರೇ. ಸಂಗೀತವು ಎಫ್‌ಎಂಗೆ ವಲಸೆ ಹೋದ ಮೇಲೆ ಎಎಂ ಕೇಂದ್ರಗಳಿಗೆ ಉಳಿದ ಸರಕು ಮಾತು. ಉಪಗ್ರಹವು ಒಬ್ಬನ ಮಾತನ್ನು ನೂರಾರು ಊರಿಗೆ ಅಗ್ಗದಲ್ಲಿ ಹಂಚಿತು.

ಅವರ ಕಸುಬನ್ನು ಹತ್ತಿರದಿಂದ ನೋಡಲು ಒಂದೇ ಅಂಕಿ ಸಾಕು: 23. ಸಂಸದ ಜಾನ್ ಲಿಂಡರ್ ಜೊತೆ ಬರೆದ ‘ದ ಫೇರ್‌ಟ್ಯಾಕ್ಸ್ ಬುಕ್’ 2005ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಅತಿ ಹೆಚ್ಚು ಮಾರಾಟದ ಪುಸ್ತಕಗಳ ಪಟ್ಟಿಯ ತುದಿಗೇರಿತು. ಕೇಂದ್ರದ ಆದಾಯ ತೆರಿಗೆಯನ್ನು ತೆಗೆದು ಚಿಲ್ಲರೆ ಮಾರಾಟದ ಮೇಲೆ ಶೇ 23ರ ತೆರಿಗೆ ಹಾಕಬೇಕು ಎಂಬುದು ಅದರ ಸಾರ. 77 ಡಾಲರಿನ ವಸ್ತುವಿಗೆ 23 ಡಾಲರ್ ತೆರಿಗೆ ಸೇರಿ ಗಿರಾಕಿ 100 ಕೊಡುತ್ತಾನೆ. ಕೊಟ್ಟ ನೂರರಲ್ಲಿ ಲೆಕ್ಕ ಹಾಕಿದರೆ ಶೇ 23. ನಮ್ಮ ಜಿಎಸ್‌ಟಿಯಂತೆ ಮೂಲಬೆಲೆಯ ಮೇಲೆ ಹಾಕಿದರೆ ಸುಮಾರು ಶೇ 30. ಆದಾಯ ತೆರಿಗೆಗೆ ಹೋಲಿಸಲು ಮೊದಲ ಲೆಕ್ಕವೇ ಸರಿ ಎಂಬುದು ಬೆಂಬಲಿಗರ ಸಮರ್ಥನೆ. ಗಣಿತ ಎರಡೂ ಕಡೆ ತಪ್ಪಿಲ್ಲ. ಆದರೆ ಅಂಗಡಿಯಲ್ಲಿ ಬೆಲೆಯ ಮೇಲೆ ತೆರಿಗೆ ಕೂಡಿಸುವುದನ್ನೇ ಕಂಡ ಅಮೆರಿಕದ ಗಿರಾಕಿಗೆ ಕಿವಿಗಿಂಪಾದ ಅಂಕಿ ಮೊದಲನೆಯದು. ಇನ್ನೊಂದು ವಿಪರ್ಯಾಸವೂ ಇದೆ: ಬಡತನದ ರೇಖೆಯವರೆಗಿನ ಖರ್ಚಿನ ತೆರಿಗೆಯನ್ನು ಪ್ರತಿ ಮನೆಗೂ ತಿಂಗಳು ತಿಂಗಳು ಮುಂಗಡ ಕೊಡಬೇಕೆಂದು ಯೋಜನೆ ಹೇಳುತ್ತದೆ. ಸರ್ಕಾರ ಮನೆಯಿಂದ ದೂರವಿರಲಿ ಎನ್ನುವವರ ಯೋಜನೆಯಲ್ಲೇ ಸರ್ಕಾರ ಮಾಸಿಕ ಅತಿಥಿ!

ಪರೀಕ್ಷಿಸದೆ ನನ್ನ ಮಾತನ್ನು ನಂಬಬೇಡಿ ಎಂದು ಕೇಳುಗರಿಗೆ ಎಚ್ಚರಿಸುತ್ತಿದ್ದುದು ಅವರ ಹೆಗ್ಗಳಿಕೆ. ಮಾತು ಜಾರಿದ್ದೂ ಉಂಟು. 2006ರಲ್ಲಿ ಕಪ್ಪು ಜನಾಂಗದ ಸಂಸದೆ ಸಿಂಥಿಯಾ ಮೆಕಿನ್ನಿ ಅವರ ಕೇಶವಿನ್ಯಾಸವನ್ನು ಹೀನಾಯವಾಗಿ ಹಳಿದು, ಬಳಿಕ ಕ್ಷಮೆ ಕೇಳಿದರು. ತೆರಿಗೆಯ ಬಗೆಗಿನ ಒರಟು ಮಾತು ಅಧಿಕಾರವನ್ನು ಕೆಣಕುತ್ತದೆ. ಹೆಣ್ಣಿನ ತಲೆಗೂದಲಿನ ಬಗೆಗಿನ ಒರಟು ಮಾತಿನಲ್ಲಿ ಕೆಣಕಲು ಯಾವ ವಾದವೂ ಇಲ್ಲ.

ಕರ್ನಾಟಕದ ರೇಡಿಯೊ ಬೇರೆ ಹಾದಿ ಹಿಡಿಯಿತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ‘ಆಕಾಶವಾಣಿ’ ಖಾಸಗಿ ಸಾಹಸ. ಮುಂದೆ ರೇಡಿಯೊ ಸರ್ಕಾರದ ಕೈಸೇರಿತು. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ನಮ್ಮ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಬಂದರೂ ಸ್ವಂತ ಸುದ್ದಿಗೆ ಅನುಮತಿ ಸಿಗಲಿಲ್ಲ. ಹೀಗಾಗಿ ಕನ್ನಡದ ಆರ್‌ಜೆ ರಸ್ತೆಗುಂಡಿಯನ್ನು ಗೇಲಿ ಮಾಡಬಲ್ಲ, ಬೂರ್ಟ್ಜ್ ಆಗಲಾರ.

ನಿಷ್ಠುರತೆಗೆ ಒರೆಗಲ್ಲು ಎದುರಾಳಿಯಲ್ಲ, ಸ್ವಂತ ಕೇಳುಗ. ಸಂಪ್ರದಾಯವಾದಿಗಳೇ ಹೆಚ್ಚಿದ್ದ ತಮ್ಮ ಕೇಳುಗರೆದುರು ಮಾದಕವಸ್ತು ನಿಷೇಧವನ್ನು ಟೀಕಿಸಿದಾಗ ಬೂರ್ಟ್ಜ್ ಆ ಒರೆಗೆ ನಿಂತರು. ‘ಅಂಗಡಿ ಲೆಕ್ಕದಲ್ಲಿ ಇದು ಮೂವತ್ತು’ ಎಂದು ಮೊದಲ ಮಾತಿಗೇ ಹೇಳಿದ್ದರೆ ಇನ್ನೊಮ್ಮೆ ನಿಲ್ಲುತ್ತಿದ್ದರು.